ಪೇಟೆಯ ಅರ್ಜಿಗೆ ನಮ್ಮ ಉತ್ತರ

ಕಳೆದ ವಾರ ನಮ್ಮ ಕಛೇರಿಗೆ ಪೇಟೆಯ ಕೆಲವು ವರ್ತಕ ಮಿತ್ರರು ಬಂದಿದ್ದರು. ಅವರ ಕೈಯಲ್ಲಿ ಒಂದು ಅರ್ಜಿ ಇತ್ತು. ವಾರಕ್ಕೊಮ್ಮೆ ಅಂಗಡಿಗಳ ಮುಂದೆ ಬಂದು ಚಪ್ಪಾಳೆ ತಟ್ಟಿ ಹಣ ಕೇಳುವ ಹಿಜಡಾಗಳನ್ನು ಪೋಲೀಸರು ಹಿಡಿದು ಊರಿನಿಂದಾಚೆಗೆ ಸಾಗಿಸಬೇಕೆಂಬುದೇ ಅದರ ಸಾರಾಂಶ. ಸುಮಾರು ಸಹಿಗಳೂ ಬಿದ್ದಿದ್ದುವು. ಆ ಸಹಿಗಳಲ್ಲಿ ನಮ್ಮ ಪತ್ರಿಕೆಯ ಚಂದಾದಾರರದೂ ಇದ್ದುವು. ನಮ್ಮ ಪಕ್ಷದ ಸದಸ್ಯರದೂ ಇದ್ದುವು. ಪತ್ರಿಕೆ ಈ ಬೇಡಿಕೆಯನ್ನು ಎತ್ತಿ ಹಿಡಿಯಬೇಕೆಂದು ಅವರು ಕೇಳಿದರು. ಆಗುವುದಿಲ್ಲವೆಂದು ನಾವು ಹೇಳಿದೆವು. ಅವರು ಅಸಮಾಧಾನದಿಂದಲೇ ಎದ್ದು ಹೋದರು. ಹಾಗೆ ಹೇಳಿದ ಮೇಲೆ ಕಾರಣ ಕೊಡುವುದು ನಮ್ಮ ಕರ್ತವ್ಯ. ಅದಕ್ಕಾಗಿ ಈ ವಾರದ ಸಂಪಾದಕೀಯ.

ಮೊದಲು ವರ್ತಕರ ಕಷ್ಟವನ್ನು ಒಪ್ಪಿಕೊಳ್ಳೋಣ. ಸಣ್ಣ ಅಂಗಡಿಯವನ ದಿನದ ಲಾಭವೆಷ್ಟೆಂಬುದು ನಮಗೆ ಗೊತ್ತಿಲ್ಲದ್ದಲ್ಲ. ಬೋಣಿಯಾಗುವ ಮೊದಲೇ ಹತ್ತು ರೂಪಾಯಿ ಕೈಬಿಟ್ಟರೆ ಅವನಿಗೆ ನೋವಾಗುತ್ತದೆ. ಯಾರೇ ಆಗಲಿ ಬೆದರಿಸಿ ಹಣ ಕಿತ್ತರೆ ಅದು ತಪ್ಪು; ಕಿತ್ತವನ ಮೇಲೆ ದೂರು ಕೊಡಲು ಎಲ್ಲರಿಗೂ ಅನ್ವಯಿಸುವ ಕಾನೂನು ಇದ್ದೇ ಇದೆ. ಆದರೆ ಅರ್ಜಿ ಕೇಳುತ್ತಿರುವುದು ಅದನ್ನಲ್ಲ. ಇಂಥವನು ಇಂಥ ದಿನ ಇಂಥ ತಪ್ಪು ಮಾಡಿದ ಎಂದು ಅದು ಹೇಳುವುದಿಲ್ಲ. ಇಂಥ ಜಾತಿಯ ಮನುಷ್ಯರೇ ಊರಿನಲ್ಲಿರಬಾರದೆಂದು ಹೇಳುತ್ತದೆ. ಈ ಎರಡಕ್ಕೂ ಇರುವ ಅಂತರ ಭೂಮಿ ಆಕಾಶಗಳಷ್ಟು.

ಈ ಎರಡನೆಯ ಬಗೆಯ ಬೇಡಿಕೆಗೆ ಒಂದು ಚರಿತ್ರೆಯಿದೆ. 1871ರಲ್ಲಿ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಶಾಸನವನ್ನು ತಂದಿತು. ಅಲೆಮಾರಿಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಕರೆದ ಆ ಶಾಸನದ ನೆನಪು ನಮ್ಮ ಓದುಗರಲ್ಲಿ ಅನೇಕರ ಮನೆಗಳಲ್ಲಿ ಇನ್ನೂ ಹಸಿಯಾಗಿದೆ. ಆದರೆ ಅದರ ಎರಡನೆಯ ಭಾಗ ಹಿಜಡಾಗಳನ್ನು ಕುರಿತದ್ದೆಂಬುದು ಹೆಚ್ಚು ಜನಕ್ಕೆ ತಿಳಿಯದು. ಅವರ ಹೆಸರನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಾಗೆ ಬರೆಸಿಕೊಂಡವರು ಸೀರೆಯುಟ್ಟು ಬೀದಿಗೆ ಬಂದರೆ, ಹಣಕ್ಕಾಗಿ ಕುಣಿದರೆ, ವಾರಂಟಿಲ್ಲದೆ ಹಿಡಿಯಬಹುದು. ಎರಡು ವರ್ಷದವರೆಗೆ ಸೆರೆಮನೆಗೆ ಕಳಿಸಬಹುದು. ಅವರು ಮಕ್ಕಳನ್ನು ದತ್ತು ತೆಗೆದುಕೊಳ್ಳುವಂತಿರಲಿಲ್ಲ, ಉಯಿಲು ಬರೆಯುವಂತಿರಲಿಲ್ಲ. ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಸರ್ಕಾರವೂ 1919ರಲ್ಲಿ ಇಂಥದೇ ಶಾಸನ ಮಾಡಿತು. ರಾಯಚೂರು, ಗುಲ್ಬರ್ಗ, ಬೀದರಗಳು ಆಗ ಆ ಸಂಸ್ಥಾನದಲ್ಲೇ ಇದ್ದುವು. ತೆಲಂಗಾಣದಲ್ಲಿ ಆ ಶಾಸನ ನೂರು ವರ್ಷ ದಾಟಿ ಉಳಿದುಕೊಂಡಿತ್ತು. ಅಲ್ಲಿನ ಹೈಕೋರ್ಟು ಅದನ್ನು ರದ್ದುಮಾಡಿದ್ದು 2023ರ ಜುಲೈ ತಿಂಗಳಲ್ಲಿ.

ಪರಕೀಯರ ಕಾಲದ ಮಾತು ಬಿಡಿ ಎನ್ನುವಿರಾ? ಸ್ವತಂತ್ರ ಭಾರತದಲ್ಲಿ, ನಮ್ಮದೇ ವಿಧಾನ ಮಂಡಲ, 2011ರಲ್ಲಿ ಕರ್ನಾಟಕ ಪೋಲೀಸ್ ಕಾಯಿದೆಗೆ 36-ಎ ಎಂಬ ಕಲಮನ್ನು ಸೇರಿಸಿತು. ನಪುಂಸಕರೆಂದು ಕರೆದು, ಸಂಶಯ ಬಂದವರ ಹೆಸರು, ವಿಳಾಸಗಳ ಪಟ್ಟಿಯಿಡುವ ಅಧಿಕಾರವನ್ನು ಪೋಲೀಸರಿಗೆ ಕೊಟ್ಟಿತು. 1871ರ ಪುಸ್ತಕ ಧೂಳು ಕೊಡವಿಕೊಂಡು ಮತ್ತೆ ಮೇಜಿನ ಮೇಲೆ ಬಂತು! ಆ ಜನರೇ ಸಂಘ ಕಟ್ಟಿ ಹೈಕೋರ್ಟಿಗೆ ಹೋದ ಮೇಲೆ, 2016ರಲ್ಲಿ, ಆ ಪದವನ್ನು ಕಾಯಿದೆಯಿಂದ ತೆಗೆಯಲಾಯಿತು. ಈಗ ನಮ್ಮ ಪೇಟೆಯ ಅರ್ಜಿ ಆ ಪಟ್ಟಿಯನ್ನೇ ಬೇರೆ ಮಾತಿನಲ್ಲಿ ಕೇಳುತ್ತಿದೆ. ಮುಷ್ಕರದ ದಿನಗಳಲ್ಲಿ ಪೋಲೀಸರ ಪಟ್ಟಿಗೆ ಹೆಸರು ಬಿದ್ದರೆ ಏನಾಗುತ್ತದೆಂಬುದು ಮಿಲ್ಲಿನ ಕೆಲಸಗಾರರಿಗೆ ಗೊತ್ತು. ತಮಗೆ ಬೇಡವಾದದ್ದನ್ನು ಅವರು ಇನ್ನೊಬ್ಬರಿಗೆ ಬಯಸಬಾರದು.

ಇನ್ನು ಮೂಲ ಪ್ರಶ್ನೆಗೆ ಬರೋಣ. ಇವರು ಅಂಗಡಿಯ ಬಾಗಿಲಿಗೆ ಏಕೆ ಬಂದರು? ದುಡಿಯಲು ಮೈಬಗ್ಗದೆ ಬಂದರೆಂದು ಅರ್ಜಿ ಹೇಳುತ್ತದೆ. ವರ್ತಕ ಮಿತ್ರರು ಲೆಕ್ಕ ಬಲ್ಲವರು. ಲೆಕ್ಕದ ಪುಸ್ತಕವನ್ನೇ ತೆರೆಯೋಣ. ಗಂಡಾಗಿ ಹುಟ್ಟಿದ ಮಗು ಹತ್ತು ಹನ್ನೆರಡರ ವಯಸ್ಸಿಗೆ ತಾನು ಹೆಣ್ಣೆಂದು ಮನಸ್ಸಿನಲ್ಲಿ ಅರಿಯುತ್ತದೆ. ಮನೆಯಲ್ಲಿ ಏಟು, ಶಾಲೆಯಲ್ಲಿ ಅಣಕ, ಮೇಷ್ಟರದೂ ಸೇರಿ. ಶಾಲೆ ಬಿಡುತ್ತದೆ; ಮನೆಯೂ ಬಿಡಿಸುತ್ತದೆ. ಕೈಯಲ್ಲಿ ಓದಿನ ಸರ್ಟಿಫಿಕೇಟಿಲ್ಲ. ಇದ್ದರೆ ಅದರಲ್ಲಿರುವ ಹೆಸರಿಗೂ ಎದುರು ನಿಂತ ಮುಖಕ್ಕೂ ಹೊಂದುವುದಿಲ್ಲ. ಕೆಲಸ ಕೇಳಿದರೆ ನಗು. ಬಾಡಿಗೆಗೆ ಕೋಣೆ ಕೇಳಿದರೆ ಮುಚ್ಚಿದ ಬಾಗಿಲು. ಕೊನೆಗೆ ತನ್ನಂಥವರ ಗುಂಪೊಂದೇ ಅನ್ನ ಹಾಕುತ್ತದೆ. ಆ ಗುಂಪಿಗೆ ಜಗತ್ತು ಬಿಟ್ಟಿರುವ ಕಸುಬು ಎರಡು: ಬೇಡುವುದು, ಇಲ್ಲವೆ ಮೈಮಾರುವುದು. ಹೆಣ್ಣಾಗಿ ಹುಟ್ಟಿ ತಾನು ಗಂಡೆಂದು ಅರಿತವರ ಪಾಡಂತೂ ಯಾರ ಕಣ್ಣಿಗೂ ಬೀಳುವುದಿಲ್ಲ. ಅವರನ್ನು ಹಿಡಿದು ಮದುವೆ ಮಾಡಿಬಿಡುತ್ತಾರೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣುಗಳ ಹೊರತು ಇತರರೆಂದು ಎಣಿಕೆಗೆ ಸಿಕ್ಕವರು ದೇಶದಲ್ಲಿ 4,87,803 ಮಂದಿ. ಹೆದರಿ ಹೇಳಿಕೊಳ್ಳದವರು ಈ ಲೆಕ್ಕದಲ್ಲಿ ಇಲ್ಲ. ನಮ್ಮ ಪೇಟೆಯಲ್ಲಿ ಎಷ್ಟು ಅಂಗಡಿಗಳು ಇಂಥ ಒಬ್ಬರನ್ನಾದರೂ ಕೆಲಸಕ್ಕಿಟ್ಟುಕೊಂಡಿವೆ? ನಾವು ವಿಚಾರಿಸಿ ನೋಡಿದೆವು, ಒಂದೂ ಇಲ್ಲ. ಮಿಲ್ಲುಗಳಲ್ಲಿ? ತಮ್ಮ ಗುರುತು ಹೇಳಿಕೊಂಡು ದುಡಿಯುತ್ತಿರುವವರು ಒಬ್ಬರೂ ಇಲ್ಲ. ಕೆಲಸ ಕೊಡದೆ ಇದ್ದವರೇ ಇವರು ಕೆಲಸ ಮಾಡುವುದಿಲ್ಲವೆಂದು ದೂರುವುದು ಯಾವ ನ್ಯಾಯ?

ಕೆಲಸ ಸಿಕ್ಕರೂ ಸಾಲದೆಂಬುದಕ್ಕೆ ನೆರೆಯ ಕೇರಳದ ಉದಾಹರಣೆಯಿದೆ. 2017ರಲ್ಲಿ ಕೊಚ್ಚಿಯ ಮೆಟ್ರೋ ರೈಲಿನಲ್ಲಿ 23 ಮಂದಿ ಲಿಂಗಾಂತರಿಗಳಿಗೆ ಟಿಕೆಟ್ ಕೊಡುವ, ಶುಚಿಮಾಡುವ ಕೆಲಸ ಕೊಟ್ಟರು. ದೇಶವೆಲ್ಲ ಹೊಗಳಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರು ಕೆಲಸ ಬಿಟ್ಟರು. ಕಾರಣ ಸೋಮಾರಿತನವಲ್ಲ, ಆ ಊರಿನಲ್ಲಿ ಅವರಿಗೆ ಬಾಡಿಗೆಗೆ ಯಾರೂ ಕೋಣೆ ಕೊಡಲಿಲ್ಲ. ಸಿಕ್ಕ ಕಡೆಯ ಬಾಡಿಗೆ ಸಂಬಳಕ್ಕೆ ಎಟುಕಲಿಲ್ಲ. ಸರ್ಕಾರ ಕೊಟ್ಟ ಕೆಲಸವನ್ನು ಮನೆಯ ಯಜಮಾನರು ಕಿತ್ತುಕೊಂಡರು. ಓದಿದವರ ಗತಿಯೂ ಇದೇ. ಒಂದೇ ವರ್ಷದಲ್ಲಿ ಎರಡು ಶಾಲೆಗಳಿಂದ ಕೆಲಸ ಕಳೆದುಕೊಂಡ ಲಿಂಗಾಂತರಿ ಶಿಕ್ಷಕಿಯೊಬ್ಬರು ಸುಪ್ರೀಂ ಕೋರ್ಟಿನ ತನಕ ಹೋಗಬೇಕಾಯಿತು. 2025ರ ಅಕ್ಟೋಬರಿನಲ್ಲಿ ಕೋರ್ಟು ಅವರಿಗೆ ಪರಿಹಾರ ಕೊಡಿಸಿತು.

ಅವಕಾಶ ಸಿಕ್ಕರೆ ಏನಾಗಬಹುದೆಂಬುದಕ್ಕೂ ನಮ್ಮ ನಾಡಿನಲ್ಲೇ ಸಾಕ್ಷಿಯಿದೆ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದ ಮಂಜಮ್ಮ ಜೋಗತಿಯವರು ಮನೆಯಿಂದ ಹೊರಬಿದ್ದು, ಬೇಡಿ ಹೊಟ್ಟೆಹೊರೆದವರು, ಸಾವನ್ನೂ ಬಯಸಿದವರು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಜೋಗತಿ ಕುಣಿತವನ್ನು ಕಂಡು, ಅದನ್ನು ಕಲಿತು, ಅದರಿಂದ ಬದುಕಿದರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ರಾಷ್ಟ್ರಪತಿಗಳ ಮುಂದೆ ಅವರು ನಿಂತಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರು ಅಂದು ನಮ್ಮ ಅಂಗಡಿಯ ಮುಂದೆ ನಿಂತಿದ್ದರೆ ನಾವು ಏನು ಮಾಡುತ್ತಿದ್ದೆವು? ಈ ಅರ್ಜಿಗೆ ಸಹಿ ಹಾಕುತ್ತಿದ್ದೆವು.

ಚಪ್ಪಾಳೆ ತಟ್ಟುವವರು ಕಣ್ಣಿಗೆ ಕಾಣುತ್ತಾರೆ. ಕಾಣದವರೂ ಇದ್ದಾರೆ. ಗಂಡಾಗಿಯೇ ಇದ್ದು ಗಂಡನ್ನೇ ಪ್ರೀತಿಸುವವರು, ಹೆಣ್ಣಾಗಿಯೇ ಇದ್ದು ಹೆಣ್ಣನ್ನೇ ಪ್ರೀತಿಸುವವರು. ಅವರು ನಮ್ಮ ಪಕ್ಕದ ಮಗ್ಗದಲ್ಲೇ ನೂಲು ಕಟ್ಟುತ್ತಿರಬಹುದು; ನಮ್ಮ ಸಭೆಗಳಲ್ಲೇ ಬಾವುಟ ಹಿಡಿಯುತ್ತಿರಬಹುದು. 1860ರಲ್ಲಿ ಇಂಗ್ಲಿಷರು ಬರೆದ ದಂಡ ಸಂಹಿತೆಯ 377ನೆಯ ಕಲಮು ಅವರನ್ನು ಅಪರಾಧಿಗಳೆಂದಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ವಯಸ್ಕರ ಒಪ್ಪಿತ ಸಂಬಂಧದ ಮಟ್ಟಿಗೆ ಅದನ್ನು ಒಮ್ಮತದಿಂದ ಕಿತ್ತುಹಾಕಿದರು. ಇಂಥವರ ಮದುವೆಗೆ ಮಾನ್ಯತೆ ಕೊಡಲು ಮಾತ್ರ 2023ರ ಅಕ್ಟೋಬರಿನಲ್ಲಿ ಅದೇ ಕೋರ್ಟು ಒಪ್ಪಲಿಲ್ಲ. ಜೈಲಿನ ಹೆದರಿಕೆ ಹೋಯಿತು. ಮಾನದ ಹೆದರಿಕೆ ಹೋಗಲಿಲ್ಲ. ಊರ ಬಾಯಿಗೆ ಅಂಜಿ ಇಂಥ ಹುಡುಗನಿಗೆ ತಂದೆತಾಯಿಗಳು ಮದುವೆ ಮಾಡುತ್ತಾರೆ. ಅರಿಯದ ಹೆಣ್ಣುಮಗಳೊಬ್ಬಳು ಜೀವಮಾನವೆಲ್ಲ ಕಣ್ಣೀರಿಡುತ್ತಾಳೆ. ಎರಡು ಬಾಳು ಹಾಳಾಗುತ್ತದೆ. ಊರಿನ ಮಾನ ಉಳಿಯಿತೆಂದು ನಾವು ಊಟ ಮಾಡಿ ಬರುತ್ತೇವೆ!

ಇದೆಲ್ಲ ಪಶ್ಚಿಮದಿಂದ ಬಂದ ಚಾಳಿ, ನಮ್ಮ ಸಂಸ್ಕೃತಿಯಲ್ಲವೆಂದು ಕೆಲವರು ಹೇಳುತ್ತಾರೆ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕೊಡ ಹೊತ್ತು ಹೋಗುವ ಜೋಗಪ್ಪಗಳನ್ನು ಯಾವ ಹಡಗು ತಂದಿಳಿಸಿತು? ಹಡಗಿನಲ್ಲಿ ಬಂದದ್ದು 377ನೆಯ ಕಲಮು. ಗುಡ್ಡದ ಮೇಲೆ ಕೈಮುಗಿದು, ಗುಡ್ಡ ಇಳಿದ ಮೇಲೆ ಕೋಣೆ ಕೊಡದಿರುವುದು ಸಂಸ್ಕೃತಿಯಲ್ಲ, ಕಪಟ.

ಇನ್ನು ಕೆಲವರು, ನಮ್ಮವರೇ, ಬೇರೆ ಮಾತು ಹೇಳುತ್ತಾರೆ: ಕೂಲಿ, ಬೋನಸ್ಸು, ಬೆಲೆಯೇರಿಕೆಗಳ ಹೋರಾಟವೇ ಬೆಟ್ಟದಷ್ಟಿರುವಾಗ ಇದೇಕೆ? ಅವರಿಗೆ ಬ್ರಿಟನ್ನಿನ ಗಣಿ ಕೆಲಸಗಾರರ ಕತೆ ಹೇಳುತ್ತೇವೆ. 1984ರ ಮಾರ್ಚಿಯಿಂದ ಒಂದು ವರ್ಷ ಕಾಲ ಅವರು ಮುಷ್ಕರ ಹೂಡಿದ್ದರು. ಥ್ಯಾಚರ್ ಸರ್ಕಾರದ ಆ ಕಾಲದಲ್ಲಿ ಕೋರ್ಟು ಸಂಘದ ಹಣವನ್ನು ಮುಟ್ಟುಗೋಲು ಹಾಕಿತು. ಆಗ ಲಂಡನ್ನಿನ ಸಲಿಂಗಪ್ರೇಮಿಗಳ ಗುಂಪೊಂದು ಬೀದಿಯಲ್ಲಿ ಡಬ್ಬಿ ಹಿಡಿದು ಹಣ ಕೂಡಿಸಿ, ವೇಲ್ಸ್ ಪ್ರಾಂತದ ಡುಲೈಸ್ ಕಣಿವೆಯ ಗಣಿ ಸಂಸಾರಗಳಿಗೆ ತಲುಪಿಸಿತು. ಗಣಿಯ ಜನ ಮೊದಮೊದಲು ಮುಜುಗರಪಟ್ಟರು. ಆಮೇಲೆ ಒಂದೇ ಪಂಕ್ತಿಯಲ್ಲಿ ಕೂತು ಉಂಡರು. ಮುಷ್ಕರ ಸೋತಿತು; ಸ್ನೇಹ ಸೋಲಲಿಲ್ಲ. 1985ರ ಜೂನಿನಲ್ಲಿ ಸಲಿಂಗಪ್ರೇಮಿಗಳ ಮೆರವಣಿಗೆ ಲಂಡನ್ನಿನಲ್ಲಿ ಹೊರಟಾಗ ಗಣಿಗಾರರು ತಮ್ಮ ಸಂಘದ ಬಾವುಟ ಹಿಡಿದು ಮುಂದೆ ನಡೆದರು. ಅದೇ ವರ್ಷ ಲೇಬರ್ ಪಕ್ಷದ ಸಮ್ಮೇಳನದಲ್ಲಿ ಇವರ ಹಕ್ಕಿನ ಠರಾವಿಗೆ ಗಣಿಗಾರರ ಸಂಘ ಮತ ಹಾಕಿತು. ಕಷ್ಟದಲ್ಲಿ ಯಾರು ಬಾಗಿಲಿಗೆ ಬಂದರೆಂಬುದನ್ನು ದುಡಿಯುವ ಜನ ಮರೆಯಲಿಲ್ಲ.

ಸರ್ಕಾರದ ಮಟ್ಟದಲ್ಲಿ ಏನೂ ಆಗಿಲ್ಲವೆಂದು ನಾವು ಹೇಳುವುದಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು, ತಾನು ಗಂಡೋ ಹೆಣ್ಣೋ ಎರಡೂ ಅಲ್ಲವೋ ಎಂಬುದನ್ನು ಹೇಳುವವನು ಆ ಮನುಷ್ಯನೇ ಎಂದು ತೀರ್ಪಿತ್ತಿತು. 2021ರಲ್ಲಿ ಕರ್ನಾಟಕ ಸರ್ಕಾರ ನೌಕರಿಗಳಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ದೇಶದಲ್ಲಿ ಇದೇ ಮೊದಲು. ಆದರೆ 2019ರಲ್ಲಿ ಸಂಸತ್ತು ಲಿಂಗಾಂತರಿಗಳ ರಕ್ಷಣೆಗೆಂದು ಕಾಯಿದೆ ಮಾಡಿದಾಗ, ಅವರ ಮೇಲೆ ಲೈಂಗಿಕ ಅತ್ಯಾಚಾರ ಮಾಡಿದವನಿಗೆ ಇಟ್ಟ ಶಿಕ್ಷೆ ಹೆಚ್ಚೆಂದರೆ 2 ವರ್ಷ. ಹೆಂಗಸಿನ ಮೇಲೆ ಅದೇ ಪಾತಕಕ್ಕೆ ಆಗ ಕಡಿಮೆಯೆಂದರೆ 10 ವರ್ಷವಿತ್ತು. ಕಾನೂನಿನ ತಕ್ಕಡಿಯಲ್ಲೂ ಅವರ ಜೀವ ಹಗುರ.

ಆದ್ದರಿಂದ ನಮ್ಮ ಸಲಹೆಗಳು ಇವು. ವರ್ತಕರು ಅರ್ಜಿಯನ್ನು ಹಿಂದಕ್ಕೆ ಪಡೆಯಲಿ. ಪೋಲೀಸರನ್ನು ಕರೆಯುವ ಬದಲು ಆ ಜನರ ಹಿರಿಯರನ್ನೇ ಸಂಘದ ಕೋಣೆಗೆ ಕರೆದು, ಎದುರು ಬದುರು ಕೂತು ಮಾತನಾಡಲಿ. ಪೇಟೆಯ ದೊಡ್ಡ ಅಂಗಡಿಗಳು ಒಬ್ಬೊಬ್ಬರಿಗಾದರೂ ಕೆಲಸ ಕೊಡಲಿ. ತೂಗುವುದಕ್ಕೆ, ಕಟ್ಟುವುದಕ್ಕೆ, ಲೆಕ್ಕ ಬರೆಯುವುದಕ್ಕೆ ಸೀರೆಯೋ ಪಂಚೆಯೋ ಅಡ್ಡ ಬರುವುದಿಲ್ಲ. ಮನೆಯಿದ್ದವರು ಬಾಡಿಗೆ ಕೊಡುವ ಶಕ್ತಿಯನ್ನು ನೋಡಲಿ, ಬೇರೇನನ್ನೂ ನೋಡದಿರಲಿ. ಮಿಲ್ಲಿನ ಸಂಘದವರಿಗೆ ಇನ್ನೊಂದು ಮಾತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳ ಮೇಲೆ ನಮ್ಮ ಆಕ್ಷೇಪಗಳು ಬಹಳವಿವೆ. ಆದರೂ ಕೆಲಸದ ಸುರಕ್ಷತೆಯ ಸಂಹಿತೆಯಲ್ಲಿ ಗಂಡಸರು, ಹೆಂಗಸರು, ಲಿಂಗಾಂತರಿಗಳು ಮೂವರಿಗೂ ಬೇರೆ ಬೇರೆ ಶೌಚದ ಏರ್ಪಾಡಿರಬೇಕೆಂಬ ಒಂದು ಮಾತಿದೆ. ಮಾಲೀಕರ ಮುಂದಿಡುವ ಬೇಡಿಕೆಯ ಪಟ್ಟಿಗೆ ಅದನ್ನು ಸೇರಿಸಬೇಕು. ಕೆಲಸ ಕೊಡುವುದಿಲ್ಲವೆನ್ನಲು ಪಾಯಖಾನೆಯಿಲ್ಲವೆಂಬ ನೆಪ ಮಾಲೀಕರಿಗೆ ಉಳಿಯಬಾರದು.

ಕೊನೆಗೆ ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಸಮತೆಯ ಮಾತನ್ನು ಇಷ್ಟು ವರ್ಷ ಬರೆದ ನಾವು ಈ ಜನರನ್ನು ಕುರಿತು ಒಂದು ಸಾಲೂ ಬರೆದಿರಲಿಲ್ಲ. ನಮ್ಮ ಸಭೆಯ ಅಂಚಿನಲ್ಲಿ ಅವರು ನಿಂತಿದ್ದಾಗ ಒಳಗೆ ಕರೆದಿರಲಿಲ್ಲ. ಪೇಟೆಯ ಅರ್ಜಿ ನಮ್ಮ ಕಣ್ಣು ತೆರೆಸಿತು. ಅಷ್ಟರ ಮಟ್ಟಿಗೆ ಅದನ್ನು ತಂದವರಿಗೆ ನಾವು ಋಣಿಗಳು. ಬರುವ ಭಾನುವಾರ ಸಂಜೆ ನಮ್ಮ ಕಛೇರಿಯಲ್ಲಿ ಈ ವಿಷಯವಾಗಿ ಸಭೆ ಸೇರುತ್ತದೆ. ಅರ್ಜಿಗೆ ಸಹಿ ಹಾಕಿದವರನ್ನೂ ಕರೆದಿದ್ದೇವೆ. ಅರ್ಜಿ ಯಾರ ಮೇಲೋ ಅವರನ್ನೂ ಕರೆದಿದ್ದೇವೆ. ಒಂದೇ ಜಮಖಾನೆಯ ಮೇಲೆ ಕೂರಬೇಕಾಗುತ್ತದೆ, ಬೇರೆ ಕುರ್ಚಿಗಳಿಲ್ಲ.