ಟಿಲ್ಲರು ನಿಂತ ಹೊತ್ತಿಗೂ ಬಾಡಿಗೆ ಕೊಡಬೇಕು

ಅಡಿಕೆ ಸಾಲುಗಳ ನಡುವೆ ಮಣ್ಣು ಸಡಿಲಿಸಲು ಪವರ್ ಟಿಲ್ಲರು ಬಾಡಿಗೆಗೆ ತರಿಸುವ ಸದಸ್ಯ ಬಾಂಧವರು ಒಂದು ಸಂಗತಿಯನ್ನು ಗಮನಿಸಬೇಕು. ನಾವು ಹಣ ಕೊಡುವುದು ಗಂಟೆಯ ಲೆಕ್ಕದಲ್ಲಿ. ರೋಟರಿಗೆ ಕಳೆಯೋ ಸೋಗೆಯ ನಾರೋ ಸುತ್ತಿಕೊಂಡಾಗ ಇಂಜಿನು ನಿಲ್ಲಿಸಿ ಬಿಡಿಸುವ ಹೊತ್ತನ್ನು ಮಾತ್ರ ಲೆಕ್ಕದಿಂದ ಕಳೆಯುತ್ತೇವೆ. ಹಾಗಾಗಿ ನಡೆಸುವವನು ಬರೇ ಕ್ಲಚ್ಚು ತಪ್ಪಿಸಿ, ಇಂಜಿನು ಓಡುತ್ತಿರುವಾಗಲೇ ಕೈ ಹಾಕುತ್ತಾನೆ. ಬೆರಳು ಹೋಗುವುದು ಅಲ್ಲಿಯೇ. ಆ ಹತ್ತು ನಿಮಿಷವೂ ಬಾಡಿಗೆಗೆ ಸೇರಲೇಬೇಕೆಂಬುದು ನನ್ನ ಅಭಿಪ್ರಾಯ. ಅಲಗುಗಳ ಬೋಲ್ಟು ಬಿಗಿ ಮಾಡುವ ಹೊತ್ತೂ ಅಷ್ಟೆ.

ಹಿಂದಕ್ಕೆ ತೆಗೆಯುವಾಗ ರೋಟರಿ ತಿರುಗುತ್ತಿರಕೂಡದು. ನಡೆಸುವವನ ಕಾಲು ಅದರ ಹಿಂದೆಯೇ ಇರುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಇನ್ನೊಂದು ತೊಡಕು. ಇಳಿಯುವಾಗ ಎಡಗಡೆಯ ಸ್ಟಿಯರಿಂಗ್ ಕ್ಲಚ್ಚು ಹಿಡಿದರೆ ಯಂತ್ರ ಬಲಕ್ಕೆ ತಿರುಗುತ್ತದೆ! ಇಂಜಿನಿನ ಹಿಡಿತ ತಪ್ಪಿದ ಎಡಚಕ್ರ ತಾನಾಗಿ ಮುಂದಕ್ಕೆ ಉರುಳುವುದೇ ಕಾರಣ. ಗದ್ದೆಯಲ್ಲಿ ಪಳಗಿದವನೂ ಇಲ್ಲಿ ಯಂತ್ರಸಮೇತ ಬಸಿಗಾಲುವೆಗೆ ಬಿದ್ದಾನು. ಕಾಫಿ ಗಿಡದ ಬುಡಕ್ಕಂತೂ ಇದನ್ನು ಒಯ್ಯುವುದೇ ಬೇಡ. ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲ್ಮಣ್ಣಿನಲ್ಲೇ ಇವೆ. ಅಲ್ಲಿ ಗುದ್ದಲಿಯೇ ಸಾಕು.

ಬಾಡಿಗೆ ದರ ಮುಂದಿನ ಮಹಾಸಭೆಯಲ್ಲಿ ಚರ್ಚೆಗೆ ಬಂದಾಗ, ನಿಂತ ಹೊತ್ತಿನ ವಿಷಯವನ್ನೂ ಸೇರಿಸಬೇಕೆಂದು ಕೋರುತ್ತೇನೆ.