ಇಪ್ಪತ್ತೆಂಟು ಡಿಗ್ರಿ ಎಂಬ ಅರ್ಧಸತ್ಯ

2024ರ ಮಾರ್ಚ್ ತಿಂಗಳಲ್ಲಿ ಲಕ್ಷದ್ವೀಪಕ್ಕೆ ಮತ್ತೊಮ್ಮೆ ಹೋಗಿ ಬರಬೇಕೆಂಬ ಆಸೆ ಹುಟ್ಟಿ ನಾನು ಮಂಗಳೂರಿನ ಒಂದು ಪ್ರವಾಸಿ ಏಜೆನ್ಸಿಯ ಮೆಟ್ಟಿಲು ಹತ್ತಿದೆ. ಅಲ್ಲಿ ಕುಳಿತಿದ್ದ ತರುಣ ಬಹಳ ಮರ್ಯಾದಸ್ಥ. ಕುರ್ಚಿ ಎಳೆದು ಕೂರಿಸಿ, ಫ್ಯಾನು ಜೋರು ಮಾಡಿ, ನುಣುಪಾದ ಕಾಗದದಲ್ಲಿ ಅಚ್ಚಾದ ಬಣ್ಣದ ಹಾಳೆಯೊಂದನ್ನು ಕೈಗಿತ್ತ. ನೀಲಿ ನೀರು, ಬಿಳಿ ಮರಳು, ಬಾಗಿದ ಒಂದು ತೆಂಗಿನ ಮರ. ಕೆಳಗೆ ಮೂರು ಸಾಲು: ನೀರಿನ ಉಷ್ಣತೆ 28 ಡಿಗ್ರಿ. ಉಬ್ಬರವಿಳಿತ ಅತ್ಯಲ್ಪ. ಹವೆ ವರ್ಷವಿಡೀ ಆಹ್ಲಾದಕರ.

ಈ ಮೂರು ಸಾಲುಗಳ ಮೇಲೆ ನನಗೆ ತಕರಾರಿದೆ. ಮೂರೂ ಶುದ್ಧ ಸುಳ್ಳಾಗಿದ್ದರೆ ಜಗಳ ಸುಲಭವಿತ್ತು. ಮೂರೂ ಅರ್ಧಸತ್ಯಗಳಾದ್ದರಿಂದ ಇಷ್ಟುದ್ದ ಬರೆಯಬೇಕಾಗಿದೆ.

ಮೊದಲು ಸರಾಸರಿಯ ಮಹಿಮೆಯನ್ನು ನೋಡಿ. ನಮ್ಮ ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದನ್ನು 365ರಿಂದ ಭಾಗಿಸಿದರೆ ದಿನಕ್ಕೆ ಹತ್ತು ಮಿಲಿಮೀಟರ್. ಅಂದರೆ ಸರಾಸರಿ ಲೆಕ್ಕದಲ್ಲಿ ನಾವು ಜನವರಿಯಲ್ಲೂ ಜುಲೈಯಲ್ಲೂ ಒಂದೇ ಸಮನೆ ತುಂತುರು ಮಳೆಯಲ್ಲಿ ಬಾಳುವ ಪುಣ್ಯವಂತರು! ಮೇ ತಿಂಗಳಲ್ಲಿ ಬಾವಿಯ ತಳದ ಕೆಸರು ಕಂಡವರಿಗೆ, ಜುಲೈಯಲ್ಲಿ ಮನೆಯಂಗಳಕ್ಕೆ ಹೊಳೆ ಬಂದದ್ದನ್ನು ಕಂಡವರಿಗೆ ಈ ಲೆಕ್ಕ ಹೇಳಿ ನೋಡಿ. ನಕ್ಕು ಒಳಗೆ ಹೋಗುತ್ತಾರೆ. ಅದೇ ಜನ ದ್ವೀಪದ ನೀರು 28 ಡಿಗ್ರಿ ಎಂದಾಗ ಮಾತ್ರ ತಲೆಯಾಡಿಸಿ ಟಿಕೆಟು ಕೊಳ್ಳುತ್ತಾರೆ.

ಲಕ್ಷದ್ವೀಪ ನಮಗೆ ಪರದೇಶವೇನೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1787ರಲ್ಲಿ ಟಿಪ್ಪುವಿನ ಆಡಳಿತಕ್ಕೆ ಬಂದವು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಾಲಾಗಿ ಮಂಗಳೂರಿನ ಕಲೆಕ್ಟರರ ಕೈಕೆಳಗೆ ಉಳಿದವು. ದ್ವೀಪದ ಓಡಗಳು ಕತ್ತದ ಹುರಿ ತಂದು ಬಂದರಿನಲ್ಲಿ ಇಳಿಸಿ ಅಕ್ಕಿ ತುಂಬಿಕೊಂಡು ಹೋಗುತ್ತಿದ್ದವು. ನನ್ನ ಅಜ್ಜ ಬಂದರಿನ ಒಂದು ಹಗ್ಗದ ಅಂಗಡಿಯಲ್ಲಿ ಗುಮಾಸ್ತರಾಗಿದ್ದವರು. ದ್ವೀಪದವರು ಮಳೆಗಾಲಕ್ಕೆ ಮುಂಚೆ ಹೇಗೆ ಅವಸರಪಡುತ್ತಿದ್ದರು, ಒಂದು ದಿನ ತಡವಾದರೂ ಹೇಗೆ ಆಕಾಶ ನೋಡಿ ಮುಖ ಸಣ್ಣದು ಮಾಡುತ್ತಿದ್ದರು ಎಂದು ಅವರು ಹೇಳುತ್ತಿದ್ದುದನ್ನು ಕೇಳಿ ಬೆಳೆದವನು ನಾನು. ಹವೆ ವರ್ಷವಿಡೀ ಆಹ್ಲಾದಕರ ಎಂಬ ಸಾಲು ನನ್ನ ಕಣ್ಣಿಗೆ ಚುಚ್ಚಿದ್ದು ಅದಕ್ಕೇ.

ಈಗ ಉಷ್ಣತೆಯ ವಿಷಯ. ಅಲ್ಲಿನ ಕಡಲಿನ ನೀರು ಜನವರಿಯ ಹೊತ್ತಿಗೆ 28 ಡಿಗ್ರಿಯ ಆಸುಪಾಸಿನಲ್ಲಿರುವುದು ನಿಜ. ಏಪ್ರಿಲ್, ಮೇ ತಿಂಗಳಿಗೆ ಅದು 30 ದಾಟುತ್ತದೆ. ಎರಡು ಡಿಗ್ರಿ ಏನು ಮಹಾ ಎನ್ನಬೇಡಿ. ನಿಮ್ಮ ಮಗುವಿನ ಮೈ 37ರಿಂದ 39ಕ್ಕೆ ಏರಿದರೆ ನೀವು ರಾತ್ರಿ ನಿದ್ದೆ ಮಾಡುತ್ತೀರಾ? ಹವಳ ಎನ್ನುವುದು ಕಲ್ಲಲ್ಲ. ಸುಣ್ಣದ ಗೂಡು ಕಟ್ಟಿಕೊಂಡು ಅದರೊಳಗೆ ಬದುಕುವ ಸಾಸಿವೆಯಷ್ಟು ಸಣ್ಣ ಜೀವಿಗಳ ಊರು ಅದು. ಆ ಜೀವಿಯ ಮೈಯೊಳಗೆ ಇನ್ನೂ ಸೂಕ್ಷ್ಮವಾದ ಪಾಚಿ ಮನೆ ಮಾಡಿಕೊಂಡಿರುತ್ತದೆ. ಬಿಸಿಲಿನಿಂದ ಅನ್ನ ಬೇಯಿಸಿ ಯಜಮಾನನಿಗೆ ಬಡಿಸುವುದು ಈ ಬಾಡಿಗೆದಾರ. ಬಣ್ಣ ಕೊಡುವುದೂ ಬಹುಪಾಲು ಅವನೇ. ಬೇಸಗೆಯ ಮಾಮೂಲು ಗರಿಷ್ಠ ಉಷ್ಣತೆಗಿಂತ ಒಂದೇ ಒಂದು ಡಿಗ್ರಿ ಹೆಚ್ಚಾಗಿ, ಅದು ನಾಲ್ಕಾರು ವಾರ ಹಾಗೇ ನಿಂತರೆ ಹವಳ ಈ ಬಾಡಿಗೆದಾರನನ್ನು ಹೊರಗೆ ಹಾಕುತ್ತದೆ. ಬಣ್ಣ ಹೋಗಿ ಬೆಳ್ಳಗಾಗುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳಬಹುದು. ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಇದು 1998ರಲ್ಲಿ ಆಯಿತು. 2010ರಲ್ಲಿ ಆಯಿತು. 2016ರಲ್ಲಿ ಆಯಿತು. ನಾನು ಹೋದ 2024ರ ಬೇಸಗೆಯಲ್ಲಿ ಮತ್ತೆ ಆಯಿತು. ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ವಿಜ್ಞಾನಿಗಳು 1998ರಿಂದಲೂ ಅಗತ್ತಿ, ಕಡಮತ್, ಕವರತ್ತಿಗಳ ಹವಳವನ್ನು ಮುಳುಗಿ ಮುಳುಗಿ ಅಳೆಯುತ್ತಿದ್ದಾರೆ. ಅವರ ಲೆಕ್ಕದಂತೆ 2022ರ ಹೊತ್ತಿಗೆ ಅಲ್ಲಿನ ಜೀವಂತ ಹವಳ ಸುಮಾರು ಅರ್ಧಕ್ಕೆ ಇಳಿದಿತ್ತು. ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಸುಧಾರಿಸಿಕೊಳ್ಳಲು ಸಿಗುವ ವರ್ಷಗಳು ಕಡಿಮೆಯಾಗುತ್ತಿವೆ. ಇಷ್ಟೆಲ್ಲ ಆಗುವಾಗಲೂ ಏಜೆನ್ಸಿಯ ಹಾಳೆಯಲ್ಲಿ ನೀರು 28 ಡಿಗ್ರಿಯಲ್ಲೇ ತಣ್ಣಗೆ ಕುಳಿತಿದೆ.

ಎರಡನೆಯ ಸಾಲು, ಉಬ್ಬರವಿಳಿತ ಅತ್ಯಲ್ಪ. ಖಂಬಾತದ ಕೊಲ್ಲಿಯಲ್ಲಿ ಹತ್ತು ಮೀಟರಿನಷ್ಟು ಏರಿಳಿಯುವ ಕಡಲನ್ನು ನೆನೆದರೆ ಲಕ್ಷದ್ವೀಪದ ಒಂದು ಮೀಟರಿನ ಆಚೀಚೆ ಅಲ್ಪವೇ ಸರಿ. ಆದರೆ ಹವಳದ ದಂಡೆ ಸುತ್ತುವರಿದ ಆ ಒಳಗಡಲು ಎಷ್ಟೋ ಕಡೆ ಇರುವುದೇ ಆಳೆತ್ತರ, ಸೊಂಟದೆತ್ತರ. ಸೊಂಟದ ನೀರಿನಲ್ಲಿ ಒಂದು ಮೀಟರ್ ಕಳೆದರೆ ಏನು ಉಳಿಯುತ್ತದೆ? ಇಳಿತ ನಡುಹಗಲಿಗೆ ಬಿದ್ದ ದಿನ ಆ ತೆಳ್ಳನೆಯ ನೀರು ಬಿಸಿಲಿಗೆ ಕಾದು ಹೊರಗಡಲಿಗಿಂತ ಎಷ್ಟೋ ಬೆಚ್ಚಗಾಗುತ್ತದೆ. ಕೊಳವೆ ಬಾಯಿಗಿಟ್ಟುಕೊಂಡು ಈಜಲು ಇಳಿದ ಪ್ರವಾಸಿಗರಿಗೆ ಈಜಲು ನೀರೇ ಸಾಲದೆ ಕಾಲೂರುತ್ತಾರೆ. ಎಲ್ಲಿ ಊರುತ್ತಾರೆ? ಹವಳದ ಮೇಲೆ. ಕಡಮತ್‌ನಲ್ಲಿ ಹದಿನೈದು ಇಪ್ಪತ್ತು ಮಂದಿ ಸಾಲಾಗಿ ಹಾಗೆ ನಿಂತು ಫೋಟೋ ತೆಗೆಸಿಕೊಂಡದ್ದನ್ನು ನಾನೇ ನೋಡಿದೆ. ನಮ್ಮನ್ನು ಕರೆದೊಯ್ದ ದೋಣಿಯವನು ಬೆಳಿಗ್ಗೆಯೇ ಹೇಳಿದ್ದ, ಇವತ್ತು ಹುಣ್ಣಿಮೆ ಕಳೆದು ಎರಡನೇ ದಿನ, ನೀರು ಬಹಳ ಇಳಿಯುತ್ತದೆ, ಬೇರೆ ಹೊತ್ತಿಗೆ ಹೋಗೋಣ ಎಂದು. ಆದರೆ ಪ್ರವಾಸದ ಪಟ್ಟಿಯಲ್ಲಿ ಊಟಕ್ಕೆ ಮುಂಚೆ ಹವಳ ದರ್ಶನ ಎಂದು ಅಚ್ಚಾಗಿತ್ತು. ಚಂದ್ರನಿಗಿಂತ ಅಚ್ಚುಮೊಳೆ ದೊಡ್ಡದು!

ಉಬ್ಬರವಿಳಿತ ಆ ದ್ವೀಪಗಳಲ್ಲಿ ದಡಕ್ಕೆ ಬಂದು ನಿಲ್ಲುವುದೂ ಇಲ್ಲ. ನೆಲದಡಿ ಮರಳಿನಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ಕೆನೆಯ ಹಾಗೆ ತೇಲಿಕೊಂಡಿರುತ್ತದೆ. ಕಡಲು ಏರಿದರೆ ಬಾವಿಯೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಹೆಚ್ಚು ಎಳೆದರೆ ಉಪ್ಪು ಮೇಲೆ ಬರುತ್ತದೆ. ಅಂಥಲ್ಲಿ ಒಬ್ಬ ಪ್ರವಾಸಿ ದಿನಕ್ಕೆ ಮೂರು ಸಲ ಷವರ್ ಕೆಳಗೆ ನಿಂತರೆ ಆ ನೀರು ಯಾರ ಕೊಡದಿಂದ ಬಂತು ಎಂದು ಕೇಳಬೇಡವೆ?

ಉಷ್ಣತೆಯ ಅಂಕಿಯನ್ನು ಗೌರವದಿಂದ ಬಳಸಿದವರೂ ಇದ್ದಾರೆ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. 2005ರಲ್ಲಿ ಕವರತ್ತಿಯಲ್ಲಿ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು ಒಂದು ಘಟಕ ಕಟ್ಟಿದರು. ಮೇಲಿನ ಬೆಚ್ಚನೆಯ ನೀರನ್ನು ಗಾಳಿಯ ಒತ್ತಡ ಕಡಿಮೆ ಮಾಡಿದ ಪಾತ್ರೆಯಲ್ಲಿ ಆವಿ ಮಾಡುವುದು, ಸುಮಾರು 350 ಮೀಟರ್ ಆಳದಿಂದ ಎಳೆದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರು ಮಾಡುವುದು. ದಿನಕ್ಕೆ ಒಂದು ಲಕ್ಷ ಲೀಟರ್ ಸಿಹಿನೀರು. ಮೇಲಿನ ನೀರಿಗೂ ಆಳದ ನೀರಿಗೂ ಇರುವ ಹದಿನೈದು ಡಿಗ್ರಿ ವ್ಯತ್ಯಾಸವೇ ಅಲ್ಲಿನವರ ಬಾಯಾರಿಕೆ ತಣಿಸುತ್ತಿದೆ. ಅದೇ ಕಡಲು, ಅದೇ ಥರ್ಮಾಮೀಟರು. ಒಬ್ಬರು ನೀರು ಕುಡಿಸಿದರು, ಇನ್ನೊಬ್ಬರು ಟಿಕೆಟು ಮಾರಿದರು.

ಮೂರನೆಯದು ಆಹ್ಲಾದಕರ ಹವೆ. ನೈರುತ್ಯ ಮಾರುತ ಕಟ್ಟಿದ ಮೇಲೆ ಸಣ್ಣ ಹಡಗುಗಳ ಓಡಾಟ ನಿಲ್ಲುತ್ತದೆ, ಅಕ್ಕಿ ಎಣ್ಣೆಗಳನ್ನು ಮುಂಚೆಯೇ ಕೂಡಿಟ್ಟುಕೊಳ್ಳಬೇಕು. 1847ರ ಏಪ್ರಿಲಿನ ಚಂಡಮಾರುತ ಕಲ್ಪೇನಿ, ಅಂದ್ರೋತ್ ದ್ವೀಪಗಳನ್ನು ಹಾಳುಗೆಡವಿತು. 2017ರ ಡಿಸೆಂಬರಿನಲ್ಲಿ ಓಖಿ ಬಂತು, 2021ರ ಮೇಯಲ್ಲಿ ತೌಕ್ತೆ ಬಂತು. ಡಿಸೆಂಬರೂ ಮೇಯೂ ಹಾಳೆಯ ಪ್ರಕಾರ ಒಳ್ಳೆಯ ಸೀಸನ್ನೇ. ಸಮುದ್ರದಿಂದ ಕೆಲವೇ ಮೀಟರ್ ಎತ್ತರದ ಆ ನೆಲಕ್ಕೆ ಇರುವ ಏಕೈಕ ಕೋಟೆಗೋಡೆ ಹವಳದ ದಂಡೆ. ಹೊರಗಡಲಿನ ಅಲೆ ಅಲ್ಲಿ ಮುರಿದು ಬಿದ್ದು ಒಳಗೆ ಬರುವಾಗ ಸಾಧುವಾಗಿರುತ್ತದೆ. ಜೀವಂತ ಹವಳ ಗೋಡೆಯನ್ನು ದಿನವೂ ಕಟ್ಟುತ್ತದೆ, ಸತ್ತ ಹವಳವನ್ನು ಅಲೆ ದಿನವೂ ಸವೆಸುತ್ತದೆ. ಬಂಗಾರಂ ಬಳಿಯ ಪರಾಲಿ ಎಂಬ ಜನವಸತಿಯಿಲ್ಲದ ಪುಟ್ಟ ದ್ವೀಪವೊಂದು ಕೊರೆದು ಕೊರೆದು ಪೂರ್ತಿ ಇಲ್ಲವಾಗಿದೆ ಎಂದು 2017ರಲ್ಲಿ ಸುದ್ದಿಯಾಯಿತು. ನಮ್ಮ ಶಾಲಾಪುಸ್ತಕದ 36 ದ್ವೀಪಗಳಲ್ಲಿ ಒಂದು ಹೀಗೆ ಸದ್ದಿಲ್ಲದೆ ಕಳೆಯಿತು.

ನನ್ನ ಮಿತ್ರರೊಬ್ಬರು ಇದನ್ನೆಲ್ಲ ಕೇಳಿ, ನಿಮಗೆ ಅಭಿವೃದ್ಧಿಯೇ ಬೇಡ, ದ್ವೀಪದ ಹುಡುಗರಿಗೆ ಉದ್ಯೋಗ ಬೇಡವೆ ಎಂದು ಸಿಟ್ಟಾದರು. ಮಾತಿನಲ್ಲಿ ಹುರುಳಿದೆ. 2011ರ ಜನಗಣತಿಯಲ್ಲಿ ಅರವತ್ತನಾಲ್ಕು ಸಾವಿರ ಚಿಲ್ಲರೆ ಜನ, ಒಟ್ಟು ನೆಲ 32 ಚದರ ಕಿಲೋಮೀಟರ್, ತೆಂಗು ಮತ್ತು ಮೀನು ಬಿಟ್ಟರೆ ಸರಕಾರಿ ನೌಕರಿ. ಪ್ರವಾಸಿಗರು ಬಂದರೆ ಅವರಿಗೆ ನಾಲ್ಕು ಕಾಸು ಸಿಗುತ್ತದೆ, ಸಿಗಲಿ. ಆದರೆ ನಾಲ್ಕು ಕಾಸಿನ ಮೂಲ ಯಾವುದು? ಅಲ್ಲಿನವರು ಸೂರೆ ಮೀನನ್ನು ಬಲೆ ಬೀಸಿ ಬಾಚುವುದಿಲ್ಲ, ಕೋಲಿಗೆ ಗಾಳ ಕಟ್ಟಿ ಒಂದೊಂದಾಗಿ ಹಿಡಿಯುತ್ತಾರೆ. ಅದಕ್ಕೆ ಬೇಕಾದ ಜೀವಂತ ಎರೆಮೀನು ಈ ಒಳಗಡಲಿನ ಹವಳದ ಸಂದಿಗಳಲ್ಲೇ ಸಿಗಬೇಕು. ಹವಳ ಹೋದರೆ ಎರೆ ಹೋಯಿತು, ಎರೆ ಹೋದರೆ ಸೂರೆ ಹೋಯಿತು. ಬಣ್ಣ ಹೋದ ಮೇಲೆ ಪ್ರವಾಸಿಗನೂ ಬರುವುದಿಲ್ಲ, ಅವನಿಗೆ ಬೇರೆ ಬಣ್ಣದ ಹಾಳೆ ಸಿಗುತ್ತದೆ. ಉಳಿಯುವವರು ದ್ವೀಪದವರು ಮಾತ್ರ.

ಅವರನ್ನು ಕೇಳಿದವರಾರು? ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ನೇಮಿಸಿದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್ ಸಮಿತಿ ದ್ವೀಪಗಳ ನಿರ್ವಹಣೆಯ ಯೋಜನೆಯನ್ನು ಪರಿಶೀಲಿಸಿ ವರದಿ ಕೊಟ್ಟಿತ್ತು. ಅದಾದ ಮೇಲೂ ಮಿನಿಕಾಯ್, ಸುಹೇಲಿ, ಕಡಮತ್‌ಗಳ ಒಳಗಡಲಿನಲ್ಲಿ ನೀರಿನ ಮೇಲೆಯೇ ಕಂಬ ನೆಟ್ಟು ವಿಲ್ಲಾ ಕಟ್ಟುವ ಪ್ರಸ್ತಾಪಗಳು ಬಂದವು. 2021ರಲ್ಲಿ ಹೊಸ ಕರಡು ನಿಯಮಗಳು ಬಂದಾಗ ದ್ವೀಪದ ಜನ ತಮ್ಮ ತಮ್ಮ ಮನೆಯಲ್ಲೇ ಉಪವಾಸ ಕುಳಿತು ಪ್ರತಿಭಟಿಸಿದರು. 2024ರ ಜನವರಿಯಲ್ಲಿ ಇಡೀ ದೇಶಕ್ಕೆ ಲಕ್ಷದ್ವೀಪದ ಹುಚ್ಚು ಹಿಡಿಯಿತು. ಮಾಲ್ದೀವ್ಸ್‌ಗೆ ಬುದ್ಧಿ ಕಲಿಸಲು ಎಲ್ಲರೂ ಲಕ್ಷದ್ವೀಪಕ್ಕೆ ಹೋಗಬೇಕಂತೆ. ಹವಳಕ್ಕೆ ದೇಶಭಕ್ತಿಯ ಕಾಲೂ ಬೇರೆ ಕಾಲೂ ಒಂದೇ ತೂಕ.

ನನ್ನ ಬೇಡಿಕೆ ಬಹಳ ಸಣ್ಣದು. ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿ ವರ್ಷ ಉಬ್ಬರವಿಳಿತದ ಪಟ್ಟಿ ಪ್ರಕಟಿಸುತ್ತದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಉಪಗ್ರಹದಿಂದ ನೀರಿನ ಉಷ್ಣತೆ ನೋಡಿ, ಹವಳ ಬಿಳಿಚುವ ಎಚ್ಚರಿಕೆ ಕೊಡುತ್ತದೆ. ಎರಡೂ ನಮ್ಮ ತೆರಿಗೆ ಹಣದಲ್ಲೇ ತಯಾರಾಗುವುದು. ಪ್ರವಾಸಿಗನ ಕೈಗೆ ಕೊಡುವ ಹಾಳೆಯಲ್ಲಿ ಇವೆರಡನ್ನು ಅಚ್ಚು ಮಾಡಿ. ಈ ವಾರ ನೀರು ಎಷ್ಟು ಬಿಸಿ, ಮಾಮೂಲಿಗಿಂತ ಎಷ್ಟು ಹೆಚ್ಚು, ಇಂದು ಇಳಿತ ಎಷ್ಟು ಗಂಟೆಗೆ. ಎಚ್ಚರಿಕೆ ಇದ್ದ ವಾರಗಳಲ್ಲಿ ಹವಳದ ಮೇಲೆ ಯಾರನ್ನೂ ಇಳಿಸಬೇಡಿ. ಜ್ವರ ಬಂದವರ ಕೋಣೆಗೆ ನೆಂಟರನ್ನು ನುಗ್ಗಿಸಬಾರದೆಂಬ ತಿಳುವಳಿಕೆ ನಮ್ಮ ಎಲ್ಲ ಮನೆಗಳಲ್ಲೂ ಇದೆ.

ಇಷ್ಟು ಹೇಳಿದ ಮೇಲೆ ನನ್ನದನ್ನೂ ಹೇಳದಿದ್ದರೆ ಅದೂ ಅರ್ಧಸತ್ಯವೇ ಆದೀತು. ನಾನು ಮೊದಲ ಸಲ ಕಡಮತ್‌ಗೆ ಹೋದದ್ದು 1997ರ ಡಿಸೆಂಬರಿನಲ್ಲಿ, ಮೊದಲ ಬಿಳಿಚುವಿಕೆಗೆ ಕೆಲವೇ ತಿಂಗಳ ಮುಂಚೆ. ಕಂದು, ಹಸಿರು, ನೇರಳೆ, ಕಣ್ಣು ಸಾಲದಷ್ಟು ಬಣ್ಣ. ತೆಗೆದುಕೊಂಡು ಹೋಗಬಾರದು ಎಂದು ಅಲ್ಲಿನವರು ಹೇಳಿದ್ದರೂ ಕೇಳದೆ, ಜಿಂಕೆಯ ಕೊಂಬಿನಂಥ ಒಂದು ಕೊಂಬೆಯನ್ನು ಮುರಿದು, ಲುಂಗಿಯಲ್ಲಿ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟುಕೊಂಡು ಬಂದೆ. 2001ರಲ್ಲಿ ಹವಳವನ್ನು ಹುಲಿಯ ಜೊತೆಗೇ ವನ್ಯಜೀವಿ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಿದರು. ಮನೆಗೆ ತಂದ ಕೊಂಬೆ ಒಂದು ವಾರ ನಾರಿತು, ಆಮೇಲೆ ಹಾಲಿನಷ್ಟು ಬೆಳ್ಳಗಾಯಿತು. ಎಷ್ಟು ಚೆಂದ ಎಂದುಕೊಂಡು ಶೋಕೇಸಿನಲ್ಲಿ ಇಟ್ಟೆ. ಹವಳದ ನಿಜವಾದ ಬಣ್ಣ ಅದೇ ಎಂದು ಇಪ್ಪತ್ತಾರು ವರ್ಷ ನಂಬಿದ್ದೆ.

2024ರ ಏಪ್ರಿಲಿನಲ್ಲಿ ಕನ್ನಡಕ ಕಟ್ಟಿಕೊಂಡು ನೀರಿಗೆ ಮುಖ ಇಟ್ಟಾಗ ಕಂಡದ್ದು ನನ್ನ ಶೋಕೇಸು. ಎಷ್ಟು ದೂರ ನೋಡಿದರೂ ಅದೇ ಬಿಳಿ. ಪಕ್ಕದಲ್ಲಿದ್ದ ಯುವತಿ ತಲೆ ಎತ್ತಿ ಗೆಳತಿಗೆ ಕೂಗಿ ಹೇಳಿದಳು, ಎಷ್ಟು ಚೆಂದ ಅಂತ. ಅವಳನ್ನು ಬಯ್ಯುವ ಯೋಗ್ಯತೆ ನನಗಿರಲಿಲ್ಲ.

ಊರಿಗೆ ಬಂದು ಆ ಹಾಳೆಯ ಮೂರೂ ಸಾಲುಗಳನ್ನು ಪೆನ್ನಿನಲ್ಲಿ ತಿದ್ದಿ ಏಜೆನ್ಸಿಯ ತರುಣನಿಗೆ ಕೊಟ್ಟೆ. ಅವನು ಸಿಟ್ಟಾಗಲಿಲ್ಲ. ಪೂರ್ತಿ ಓದಿ, "ಸರ್, ಇಷ್ಟೆಲ್ಲ ಯಾರೂ ಕೇಳುವುದಿಲ್ಲ" ಎಂದ. ಅವನ ಮಾತು ಪೂರ್ಣಸತ್ಯ. ಆದ್ದರಿಂದ ಈ ಬರಹ ಅವನಿಗಲ್ಲ, ಮುಂದಿನ ರಜೆಗೆ ಅಲ್ಲಿಗೆ ಹೊರಟಿರುವ ನಿಮಗೆ. ಹಣ ಕೊಡುವ ಮುಂಚೆ ಕೇಳಿ.