ಜಾರಿ ಬಿದ್ದವರದ್ದೇ ತಪ್ಪಾ? ನೀರಿನಂಚಿನ ನೆಲಕ್ಕೂ ಒಂದು ಲೆಕ್ಕ ಬೇಕು

ನದಿ ದಂಡೆಯ ವಾಕಿಂಗ್ ಪಾತ್‌ನಲ್ಲಿ ಯಾರಾದರೂ ಜಾರಿ ಬಿದ್ದರೆ ಸುತ್ತಲಿನವರ ಬಾಯಿಂದ ಬರುವ ಮೊದಲ ಮಾತು: 'ನೋಡ್ಕೊಂಡು ನಡೀಬಾರದಾ?' ಬಿದ್ದವರೂ ನಾಚಿಕೊಂಡು ಎದ್ದು ಹೋಗ್ತಾರೆ. ಅಲ್ಲಿಗೆ ಪ್ರಕರಣ ಮುಗೀತು. ಆದರೆ ಆ ನೆಲಕ್ಕೆ ಏನು ಹಾಕಬೇಕು, ಮಳೆಯಲ್ಲಿ ಅದು ಎಷ್ಟು ಜಾರುತ್ತೆ ಅನ್ನೋದು ಟೆಂಡರ್ ಬರೆಯುವಾಗಲೇ ತೀರ್ಮಾನ ಆಗಿರುತ್ತೆ. ಪ್ರಶ್ನೆ ಕೇಳಬೇಕಾದ್ದು ಬಿದ್ದವರನ್ನಲ್ಲ, ಟೆಂಡರ್ ಬರೆದವರನ್ನು.

ವೆನಿಸ್ ನಗರ ಈ ಪಾಠಕ್ಕೆ ದುಬಾರಿ ಫೀಸು ಕಟ್ಟಿದೆ. ಅಲ್ಲಿನ ಗ್ರ್ಯಾಂಡ್ ಕೆನಾಲ್ ಮೇಲೆ ವಾಸ್ತುಶಿಲ್ಪಿ ಸ್ಯಾಂಟಿಯಾಗೊ ಕಲಾತ್ರಾವಾ ವಿನ್ಯಾಸದ ಪಾದಚಾರಿ ಸೇತುವೆ 2008ರಲ್ಲಿ ತೆರೆಯಿತು. ನೆಲದಲ್ಲಿ ಗಾಜು. ನೋಡೋಕೆ ಚಂದ, ಮಳೆ ಬಂದರೆ ಜಾರುಬಂಡೆ. ಜನ ಬೀಳುತ್ತಲೇ ಹೋದರು. ಖರ್ಚು ಏರಿದ್ದು, ಮೆಟ್ಟಿಲುಗಳನ್ನು ಪದೇ ಪದೇ ಬದಲಿಸಬೇಕಾಗಿ ಬಂದದ್ದು ಇವೆಲ್ಲ ಸೇರಿ, 2019ರಲ್ಲಿ ಇಟಲಿಯ ಲೆಕ್ಕಪತ್ರ ನ್ಯಾಯಾಲಯ ವಾಸ್ತುಶಿಲ್ಪಿಗೆ 78 ಸಾವಿರ ಯೂರೋ ದಂಡ ಹಾಕಿತು. 2022ರಲ್ಲಿ ಗಾಜು ತೆಗೆದು ಕಲ್ಲು ಹಾಕೋಕೆ ನಗರಾಡಳಿತ ಸುಮಾರು 5 ಲಕ್ಷ ಯೂರೋ ಎತ್ತಿಡಬೇಕಾಯ್ತು. ಗಮನಿಸಿ, ಅಲ್ಲಿ ತಪ್ಪಿತಸ್ಥ ಅನ್ನಿಸಿಕೊಂಡದ್ದು ನಡೆಯುವವನ ಕಾಲಲ್ಲ, ನೆಲ.

ಹಾಗಾದ್ರೆ ಲೋಹದ ನೆಲ ಹಾಕಿದ್ರೆ ಆಯ್ತಲ್ಲ? ಅಷ್ಟು ಸುಲಭ ಇಲ್ಲ.

ಬಸ್ಸಿನ ಮೆಟ್ಟಿಲ ಮೇಲೆ ಕಾಣುವ ಉಬ್ಬು ಗೆರೆಗಳ ಚೆಕ್ಕರ್ ಪ್ಲೇಟ್ ಗೊತ್ತಲ್ಲ? 'ಜಾರಲ್ಲ' ಅಂತ ಎಲ್ಲ ಕಡೆ ಹಾಕ್ತಾರೆ. ಆದರೆ ನೀರು ಅದರ ಮೇಲೇ ನಿಲ್ಲುತ್ತೆ, ಕೆಸರು ಕೂರುತ್ತೆ, ಪಾಚಿ ಕಟ್ಟುತ್ತೆ. ಜನ ಓಡಾಡಿ ಓಡಾಡಿ ಉಬ್ಬುಗಳೂ ಸವೆದು ನುಣುಪಾಗುತ್ತವೆ. ನೀರಿನ ಪಕ್ಕ ಹೆಚ್ಚು ಕೆಲಸಕ್ಕೆ ಬರೋದು ಅಂಚಿನಲ್ಲಿ ಗರಗಸದ ಹಲ್ಲಿನಂತಿರುವ ತೆರೆದ ಜಾಲಿ. ನೀರು, ಮಣ್ಣು ಕೆಳಗೆ ಇಳಿದುಹೋಗುತ್ತೆ, ಪಾದಕ್ಕೆ ಹಿಡಿತ ಸಿಗುತ್ತೆ. ಆದರೆ ಜಾಲಿಯ ತೂತು ದೊಡ್ಡದಾದರೆ ಊರುಗೋಲು ಸಿಕ್ಕಿಕೊಳ್ಳುತ್ತೆ, ವೀಲ್‌ಚೇರ್‌ನ ಮುಂದಿನ ಚಕ್ರ ಇಳಿಯುತ್ತೆ. ಅದಕ್ಕೇ ಅಮೆರಿಕದ ಅಂಗವಿಕಲರ ಕಾನೂನಿನ ಮಾನದಂಡದಲ್ಲಿ ತೂತಿನ ಅಗಲಕ್ಕೆ ಸುಮಾರು 13 ಮಿ.ಮೀ. ಮಿತಿ ಇದೆ.

ಜಾರಿಕೆಯನ್ನು ಅಳೆಯೋಕೂ ಬರುತ್ತೆ. ರಬ್ಬರ್ ಕಟ್ಟಿದ ಲೋಲಕವನ್ನು ಒದ್ದೆ ನೆಲದ ಮೇಲೆ ಬೀಸಿ, ನೆಲ ಎಷ್ಟು ತಡೆಯುತ್ತೆ ಅನ್ನೋದನ್ನು ಒಂದು ಅಂಕಿಯಲ್ಲಿ ಹೇಳ್ತಾರೆ. ಬ್ರಿಟನ್ನಿನ ಸುರಕ್ಷತಾ ಸಂಸ್ಥೆಯ ಪ್ರಕಾರ ಅದು 36 ಅಥವಾ ಹೆಚ್ಚಿದ್ದರೆ ಅಪಾಯ ಕಡಿಮೆ, 25ಕ್ಕಿಂತ ಕಡಿಮೆ ಇದ್ದರೆ ಅಪಾಯ ಜಾಸ್ತಿ. ಹಲ್ಲಿರುವ ಜಾಲಿಗಳಿಗೆ ಇಳಿಜಾರಿನ ಮೇಲೆ ಮನುಷ್ಯರನ್ನೇ ನಡೆಸಿ ನೋಡುವ ಬೇರೆ ಪರೀಕ್ಷೆ ಇದೆ. ಅಂದ್ರೆ 'ಆ್ಯಂಟಿ-ಸ್ಕಿಡ್' ಅನ್ನೋದು ಬ್ರೋಶರಿನ ವಿಶೇಷಣ ಅಲ್ಲ, ಅಂಕಿ ಕೊಟ್ಟು ಸಾಬೀತು ಮಾಡಬೇಕಾದ ಮಾತು.

ಆಮೇಲೆ ಉಪ್ಪು. ಕಬ್ಬಿಣದ ಮೇಲಿನ ಸತುವಿನ ಲೇಪನ ಸಮುದ್ರದ ಗಾಳಿಗೆ ಬೇಗ ಕರಗುತ್ತೆ. 304 ದರ್ಜೆಯ ಸ್ಟೀಲ್‌ಗಿಂತ ಮಾಲಿಬ್ಡಿನಂ ಇರುವ 316 ಉಪ್ಪನ್ನು ಚೆನ್ನಾಗಿ ತಡೆಯುತ್ತೆ, ಆದರೆ ದರ ಹೆಚ್ಚು. ಅಲ್ಯೂಮಿನಿಯಂ ಹಗುರ, ಅದಕ್ಕೆ ಸ್ಟೀಲ್ ಬೋಲ್ಟನ್ನು ನೇರ ಕೂರಿಸಿದರೆ ಉಪ್ಪುನೀರಲ್ಲಿ ಅಲ್ಯೂಮಿನಿಯಮ್ಮೇ ತಿಂದುಹೋಗುತ್ತೆ. ಉದ್ಘಾಟನೆಯ ಫೋಟೋದಲ್ಲಿ ಇದ್ಯಾವುದೂ ಕಾಣಲ್ಲ.

ಫೋಟೋದಲ್ಲಿ ಕಾಣುವ ನೆಲ ಮಾತ್ರ ಬದಲಾಯಿಸಿದರೆ ಏನಾಗುತ್ತೆ ಅನ್ನೋದಕ್ಕೆ ಗುಜರಾತಿನ ಮೋರ್ಬಿ ಸಾಕ್ಷಿ. ಮಚ್ಛೂ ನದಿಯ ತೂಗುಸೇತುವೆ ದುರಸ್ತಿಯಾಗಿ ತೆರೆದ ನಾಲ್ಕೇ ದಿನಕ್ಕೆ, 2022ರ ಅಕ್ಟೋಬರ್ 30ರಂದು ಕುಸಿಯಿತು. 135 ಜನ ಸತ್ತರು. ಮರದ ಹಲಗೆ ತೆಗೆದು ಹೊಸ ಅಲ್ಯೂಮಿನಿಯಂ ನೆಲ ಹಾಕಿದ್ದರು. ವಿಶೇಷ ತನಿಖಾ ತಂಡದ ವರದಿ ಪ್ರಕಾರ ಒಂದು ಮುಖ್ಯ ಕೇಬಲಿನ 49 ತಂತಿಗಳಲ್ಲಿ 22 ಆಗಲೇ ತುಕ್ಕು ಹಿಡಿದಿದ್ದವು. ಹೊಸ ನೆಲ ಸೇತುವೆಯ ಭಾರ ಹೆಚ್ಚಿಸಿತ್ತು, ಭಾರ ಪರೀಕ್ಷೆಯನ್ನೇ ಮಾಡಿರಲಿಲ್ಲ. ಕಾಲಿಗೆ ಹೊಸದು, ಕೇಬಲಿಗೆ ಹಳೇದು.

ನಮ್ಮ ಕರಾವಳಿಗೆ ಬನ್ನಿ. 2022ರ ಮೇನಲ್ಲಿ ಮಲ್ಪೆಯ ತೇಲುವ ಸೇತುವೆ ಉದ್ಘಾಟನೆಯಾದ ಕೆಲವೇ ದಿನಗಳಲ್ಲಿ ಅಲೆಗೆ ಕಳಚಿಕೊಂಡಿತ್ತು. ಪ್ರಾಣಹಾನಿ ಆಗಲಿಲ್ಲ, ಹಾಗಾಗಿ ಬೇಗ ಮರೆತೆವು. ಮಂಗಳೂರಿನ ನೇತ್ರಾವತಿ ದಂಡೆಯ ವಾಟರ್‌ಫ್ರಂಟ್ ಯೋಜನೆ ಶುರುವಾದದ್ದು ಸ್ಮಾರ್ಟ್ ಸಿಟಿ ಹೆಸರಲ್ಲಿ. ಆ ಮಿಷನ್‌ನ ಅವಧಿ 2025ರ ಮಾರ್ಚ್ 31ಕ್ಕೆ ಮುಗಿದಿದೆ. ಕಟ್ಟೋಕೆ ಮಿಷನ್ ಇತ್ತು. ಪಾಚಿ ಉಜ್ಜೋಕೆ, ಬೋಲ್ಟ್ ಬಿಗಿಯೋಕೆ, ಸವೆದ ಹಲಗೆ ಬದಲಿಸೋಕೆ ಇನ್ನು ಪ್ರತಿ ವರ್ಷ ದುಡ್ಡು ಎಲ್ಲಿಂದ? ಹೆಚ್ಚಾಗಿ ಸಾಯೋದು ಇಲ್ಲೇ: ನಿರ್ವಹಣೆಗೆ ರಿಬ್ಬನ್ ಇಲ್ಲ, ಶಿಲಾಫಲಕ ಇಲ್ಲ, ವೋಟೂ ಇಲ್ಲ.

'ಇಷ್ಟೆಲ್ಲ ಕೇಳಿದ್ರೆ ಯಾವ ಕೆಲಸಾನೂ ಆಗಲ್ಲ' ಅನ್ನುವವರಿದ್ದಾರೆ. ಪರೀಕ್ಷೆಯ ಖರ್ಚು ಯೋಜನೆಯ ಖರ್ಚಿನ ಮುಂದೆ ಏನೇನೂ ಅಲ್ಲ. ವೆನಿಸ್‌ನಂತೆ ಕಟ್ಟಿದ ಮೇಲೆ ಕಿತ್ತು ಹಾಕೋದೇ ದುಬಾರಿ. ನೆಲ ಜಾರುತ್ತೆ ಅಂದಾಗ ಮೊದಲು ಮನೆಯಲ್ಲೇ ಉಳಿಯೋದು ವಯಸ್ಸಾದವರು, ಬಸುರಿಯರು, ಅಂಗವಿಕಲರು. 'ಸಾರ್ವಜನಿಕ' ದಾರಿ ಆಗ ಗಟ್ಟಿ ಕಾಲಿನ ಹುಡುಗರ ಖಾಸಗಿ ದಾರಿ ಆಗುತ್ತೆ.

ಇದಕ್ಕೆ ಒಂದು ಅಸ್ತ್ರ ನಿಮ್ಮ ಕೈಲೇ ಇದೆ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಬರೀ ಕಾಗದ ಕೇಳೋಕಲ್ಲ. ಕಾಮಗಾರಿಯನ್ನೇ ಪರಿಶೀಲಿಸಲು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯಲೂ ಅದರಲ್ಲಿ ಹಕ್ಕಿದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ, 10 ರೂಪಾಯಿ. ನಿಮ್ಮೂರಿನ ಕೆರೆ, ನದಿ, ಕಡಲಿನ ದಾರಿಗೆ ನಾಲ್ಕೇ ಪ್ರಶ್ನೆ ಸಾಕು: ನೆಲದ ಲೋಹದ ದರ್ಜೆ ಯಾವುದು? ಒದ್ದೆ ನೆಲದ ಜಾರಿಕೆ ಪರೀಕ್ಷೆಯ ವರದಿ ಎಲ್ಲಿ? ಭಾರ ಪರೀಕ್ಷೆ ಯಾವಾಗ ಆಯ್ತು? ದೋಷ ಹೊಣೆಗಾರಿಕೆ ಅವಧಿ ಯಾವತ್ತು ಮುಗಿಯುತ್ತೆ?

ಮಳೆಗಾಲಕ್ಕೆ ಮೊದಲೇ ಅರ್ಜಿ ಹಾಕಿ. ಗುತ್ತಿಗೆದಾರನ ಹೊಣೆ ಮುಗಿದ ಮೇಲೆ ಕೇಳಿದರೆ, ರಿಪೇರಿಯ ಬಿಲ್ಲು ನಮ್ಮ ತೆರಿಗೆಗೇ ಬರುತ್ತೆ.